ಕೆಂಪು ರಟ್ಟಿನ ಪುಸ್ತಕ, ಹಿತ್ತಾಳೆ ಬಿಲ್ಲೆ

ನಮ್ಮಪ್ಪ ಯಂಕೋಬ ಕೆಲಸ ಮುಗಿಸಿ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲು ಹೊಸ್ತಿಲ ಹೊರಗೇ ನಿಂತು ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸುತ್ತಿದ್ದ. ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ, ಅಡಿಕೆ ಚೂರು, ಏನಿದ್ದರೂ ಅಂಗೈ ಮೇಲೆ ಇಟ್ಟುಕೊಂಡು ಅವ್ವನ ಕಡೆ ಚಾಚಬೇಕು. ಅವ್ವ ಒಲೆಯ ಮುಂದಿನಿಂದಲೇ ಒಮ್ಮೆ ಕಣ್ಣು ಹಾಯಿಸಿ ‘ಹೂಂ’ ಅನ್ನಬೇಕು. ಆಮೇಲೆಯೇ ಅವನಿಗೆ ಒಳಗೆ ಪ್ರವೇಶ. ಓಣಿಗೆ ಹೊಸದಾಗಿ ಬಂದವರು ಇದನ್ನು ನೋಡಿ, ಗಣಿಯಿಂದ ಬಂಗಾರ ತಂದಾನೇನೋ ಅಂತ ಹೆಂಡತಿ ದಿನಾ ಹುಡುಕುತ್ತಾಳೆ ಎಂದು ಆಡಿಕೊಂಡು ನಗುತ್ತಿದ್ದರು. ಹಳಬರು ನಗುತ್ತಿರಲಿಲ್ಲ, ಅವರಿಗೆ ಕಾರಣ ಗೊತ್ತಿತ್ತು. ಕಾರಣ ನಾನು, ಮತ್ತು ಗಂಡುಹುಡುಗರಿಗಾಗಿ ಬರೆದ ಒಂದು ಇಂಗ್ಲಿಷ್ ಪುಸ್ತಕ. ಇಷ್ಟು ವರ್ಷ ಆ ಕಥೆಯನ್ನು ನಾನು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಹೇಳಬೇಕಾದವರಿಬ್ಬರೂ ಈಗ ಇಲ್ಲ, ನನಗೂ ಎಪ್ಪತ್ತರ ಮೇಲಾಯಿತು, ಇನ್ನು ನಾಚಿಕೆ ಇಟ್ಟುಕೊಂಡು ಮಾಡುವುದೇನಿದೆ.

ಹಟ್ಟಿಯಲ್ಲಿ ನಮ್ಮದು ಬಂಗಾರದ ಗಣಿ ಕಾರ್ಮಿಕರ ಸಾಲುಮನೆ, ಅಪ್ಪ ನೆಲದೊಳಗೆ ಬಂಡೆ ಕೊರೆಯುವವನು. ಮುಂದೊಂದು ಖೋಲಿ, ಹಿಂದೊಂದು ಅಡುಗೆ ಖೋಲಿ, ಅದರಾಚೆ ತಗಡಿನ ಬಾಗಿಲಿನ ಬಚ್ಚಲು. ಮನೆಯ ಯಜಮಾನ ಅಪ್ಪನೂ ಅಲ್ಲ, ಅವ್ವನೂ ಅಲ್ಲ, ಪಾಳಿ. ವಾರಕ್ಕೊಮ್ಮೆ ಅಪ್ಪನ ಪಾಳಿ ಬದಲಾಗುತ್ತಿತ್ತು, ಅದರ ಜೊತೆಗೆ ನಮ್ಮ ಊಟ, ನಿದ್ದೆ, ಜಗಳ ಎಲ್ಲವೂ ಜಾಗ ಬದಲಿಸುತ್ತಿದ್ದವು. ಅಪ್ಪ ರಾತ್ರಿ ಪಾಳಿಗೆ ಹೋಗುವ ವಾರ ಹಗಲೆಲ್ಲ ಮಲಗಿರುತ್ತಿದ್ದ. ಆಗ ಮನೆಯಲ್ಲಿ ರೊಟ್ಟಿ ಬಡಿಯುವಂತಿಲ್ಲ. ಅವ್ವ ಹಿಟ್ಟಿನ ಪರಾತವನ್ನು ಸೊಂಟಕ್ಕಿಟ್ಟುಕೊಂಡು, ಯಾರ ಮನೆಯ ಗಂಡಸು ಎದ್ದು ಹೋಗಿದ್ದಾನೋ ಆ ಮನೆಯ ಒಲೆಗೆ ಹೋಗಿ ರೊಟ್ಟಿ ಬಡಿದುಕೊಂಡು ಬರುತ್ತಿದ್ದಳು. ಮುಂದಿನ ವಾರ ಅವರು ನಮ್ಮ ಒಲೆಗೆ ಬರುತ್ತಿದ್ದರು. ಹೀಗಾಗಿ ಓಣಿಯ ಎಲ್ಲ ಹೆಂಗಸರಿಗೂ ಎಲ್ಲರ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಗೊತ್ತಿತ್ತು. ಮೊದಲ ಪಾಳಿಯವರು ಮಧ್ಯಾಹ್ನ ಮೂರಕ್ಕೆ ಮೇಲೆ ಬಂದ ಸ್ವಲ್ಪ ಹೊತ್ತಿಗೆ, ಎರಡನೇ ಪಾಳಿಯವರು ಇಳಿಯುವ ಮೊದಲು, ಕೆಳಗೆ ಬಂಡೆಗೆ ಮದ್ದು ಹಾರಿಸುತ್ತಿದ್ದರು. ಸದ್ದು ಮೇಲೆ ಕೇಳುವುದಿಲ್ಲ. ಅಡುಗೆ ಖೋಲಿಯ ಹಲಗೆಯ ಮೇಲಿನ ತಾಟು, ಚರಿಗೆಗಳು ಮಾತ್ರ ಸಣ್ಣಗೆ ಗಲಗಲ ಅನ್ನುತ್ತಿದ್ದವು. ಅಪ್ಪ ಊಟಕ್ಕೆ ಕೂತಲ್ಲೇ ಎಡಗೈ ಬೆರಳು ಮಡಚುತ್ತ ಎಷ್ಟು ಸಲ ಗಲಗಲ ಅಂದಿತು ಎಂದು ಎಣಿಸುತ್ತಿದ್ದ. ತಾನು ಕೊರೆದ ತೂತುಗಳಲ್ಲಿ ಒಂದು ಹಾರದೆ ಉಳಿದರೂ ನಾಳೆ ಅದರ ಮುಂದೆ ನಿಲ್ಲುವವನು ಅವನೇ. ನಮಗೆ ಮಕ್ಕಳಿಗೆ ಅದು ಗಡಿಯಾರದ ಸದ್ದಿದ್ದಂತೆ, ಕೇಳಿಯೂ ಕೇಳಿಸುತ್ತಿರಲಿಲ್ಲ.

ಹಿಂದಿನ ಕಾಲದ ಸಾಹೇಬರ ಕ್ಲಬ್ಬಿನ ಒಂದು ಕತ್ತಲೆ ಖೋಲಿಯನ್ನು ಖಾಲಿ ಮಾಡಿಸುವಾಗ, ಸುಡಲು ಒಟ್ಟಿದ್ದ ರದ್ದಿಯೊಳಗಿಂದ ಅಪ್ಪ ಒಂದು ಗೋಣಿಚೀಲದಲ್ಲಿ ಏಳು ಪುಸ್ತಕ ತಂದ. ಎಲ್ಲವೂ ಒಂದೇ ಅಳತೆ, ಒಂದೇ ಕೆಂಪು ಬಟ್ಟೆಯ ರಟ್ಟು. ಒಂದರಲ್ಲಿ ಹುಡುಗರು ನೀರೊಳಗಿನ ಹಡಗು ನಡೆಸುತ್ತಿದ್ದರು, ಒಂದರಲ್ಲಿ ಗಾಳಿಯಲ್ಲಿ ಹಾರುವ ಯಂತ್ರ, ಒಂದರಲ್ಲಿ ಹಿಮದ ಗುಡ್ಡ. ಒಂದರ ರಟ್ಟಿನ ಮೇಲೆ ಮಾತ್ರ ಸುರಂಗವಿತ್ತು, ಟೋಪಿಗೆ ದೀಪ ಸಿಕ್ಕಿಸಿಕೊಂಡ ಮುದುಕನೊಬ್ಬ, ಅವನ ಹಿಂದೆ ಇಬ್ಬರು ಹುಡುಗರು. ಅಪ್ಪ ಆ ಒಂದಕ್ಕಾಗಿ ಉಳಿದ ಆರನ್ನು ಹೊತ್ತು ತಂದಿದ್ದ. ಅವನು ಕನ್ನಡದಲ್ಲಿ ರುಜು ಹಾಕುವಷ್ಟು ಕಲಿತವನು, ಅವ್ವ ಅದನ್ನೂ ಕಲಿತವಳಲ್ಲ.

‘ನಮ್ಮ ಕೆಲಸದ ಮ್ಯಾಲ ಒಬ್ಬಾಂವ ಪುಸ್ತಕ ಬರದಾನ ನೋಡು,’ ಎಂದ ಅಪ್ಪ.

‘ಬರಿಯಾಂವ ಒಳಗ ಇಳಿದಿದ್ನೇನು?’ ಎಂದಳು ಅವ್ವ.

‘ಅದನ್ನ ಸಾವಂತ್ರಿ ಓದಿ ಹೇಳ್ತಾಳ.’

ಸಾವಂತ್ರಿ ಎಂದರೆ ನಾನು. ಆಗ ಏಳನೇ ಇಯತ್ತೆ, ಇಂಗ್ಲಿಷ್ ಶುರುವಾಗಿ ಎರಡು ವರ್ಷ. ಪುಸ್ತಕದ ಮೊದಲ ಹಾಳೆಯಲ್ಲೇ ಇದು ಹುಡುಗರಿಗಾಗಿ ಎಂದು ಅಚ್ಚಾಗಿತ್ತು, ಅದನ್ನು ಓದಿ ಅಪ್ಪನಿಗೆ ಹೇಳದೆ ನುಂಗಿಕೊಂಡೆ. ನನ್ನ ಮೊದಲ ಕಳ್ಳತನ ಅಲ್ಲಿಂದಲೇ ಶುರು. ಶಾಲೆಯ ಹರಕು ನಿಘಂಟು ತಂದು ದಿನಕ್ಕೊಂದು ಹಾಳೆ ಬಿಡಿಸುತ್ತಿದ್ದೆ. ಹತ್ತು ಪದಕ್ಕೆ ನಾಲ್ಕು ತಿಳಿಯುತ್ತಿತ್ತು, ಮಿಕ್ಕ ಆರನ್ನು ನಾನೇ ಹೊಲಿಯುತ್ತಿದ್ದೆ. ಮೊದಲ ಪಾಳಿಯ ವಾರ, ಅಪ್ಪ ಸ್ನಾನ ಮಾಡಿ, ರೊಟ್ಟಿ ಪುಂಡಿಪಲ್ಯ ಉಂಡು, ಚಾಪೆಯ ಮೇಲೆ ಅಡ್ಡಾದ ಮೇಲೆ ನನ್ನ ಓದು. ಆ ಪಾಳಿ ಮತ್ತೆ ಬರುವವರೆಗೆ ಎರಡು ವಾರ ಕಥೆಗೆ ರಜೆ, ಅಷ್ಟರಲ್ಲಿ ನಾನು ಮುಂದಿನದನ್ನು ಬಿಡಿಸಿಟ್ಟುಕೊಳ್ಳುತ್ತಿದ್ದೆ. ಆ ಇಂಗ್ಲಿಷ್ ಹೆಸರುಗಳು ನಾಲಗೆಗೆ ಹತ್ತದೆ, ಇಬ್ಬರು ಹುಡುಗರಿಗೆ ಅಪ್ಪನೇ ಭೀಮ್ಯಾ, ದುರುಗ್ಯಾ ಎಂದು ಹೆಸರಿಟ್ಟ. ದೀಪದ ಮುದುಕನಿಗೆ ಕಾಕಾ. ಭೀಮ್ಯಾ ಎಲ್ಲದಕ್ಕೂ ಮುಂದೆ ನುಗ್ಗುವವನು, ದುರುಗ್ಯಾ ಲೆಕ್ಕ ಹಾಕುವವನು, ಕಾಕಾ ಇಬ್ಬರನ್ನೂ ಬೈದು ಬೈದು ಕಾಪಾಡುವವನು. ಅಪ್ಪ ಸುಮ್ಮನೆ ಕೇಳುವ ಆಸಾಮಿಯಲ್ಲ.

‘ಮದ್ದು ಹಾರಿಸಿದ ಕೂಡ್ಲೆ ಒಳಗ ಹೋದ್ರಾ? ಸುಳ್ಳು. ಹೊಗಿ ಹೋಗೋತನ ಯಾವನೂ ಹೋಗಂಗಿಲ್ಲ. ಸರಿ ಓದು.’

ನಾನು ಸರಿ ಓದುತ್ತಿದ್ದೆ. ಹೊಗೆ ಹೋಗುವವರೆಗೆ ಭೀಮ್ಯಾನನ್ನು ಹೊರಗೆ ಕೂರಿಸಿ ಬೀಡಿ ಸೇದಿಸುತ್ತಿದ್ದೆ. ಆ ಬಿಳಿಯ ಹುಡುಗ ತನ್ನ ಜನ್ಮದಲ್ಲಿ ಬೀಡಿ ಕಂಡಿರಲಿಕ್ಕಿಲ್ಲ, ಆದರೆ ಅಪ್ಪನಿಗೆ ಸಮಾಧಾನವಾಗುತ್ತಿತ್ತು. ಅವ್ವನಿಗೆ ಇದು ಯಾವುದೂ ಸೇರುತ್ತಿರಲಿಲ್ಲ. ಅವಳು ಮಸ್ಕಿ ಕಡೆಯ ಎರೆಹೊಲದವಳು, ನೆಲ ಇರುವುದು ಬಿತ್ತುವುದಕ್ಕೆ, ಒಳಗೆ ಹೊಕ್ಕುವುದಕ್ಕಲ್ಲ ಎಂದು ತಿಳಿದವಳು. ‘ಎಂಟು ತಾಸು ಅದರಾಗ ಇದ್ದು ಬರ್ತಿ, ಮನಿಗೆ ಬಂದು ಮತ್ತ ಅದರಾಗ ಹೋಗ್ತಿ,’ ಎಂದು ಪಾತ್ರೆಗಳನ್ನು ಬೇಕಂತಲೇ ಜೋರಾಗಿ ತಿಕ್ಕುತ್ತಿದ್ದಳು. ಮದುವೆಯಾದ ವರ್ಷದಿಂದಲೂ ಮಸ್ಕಿಗೆ ಹೋಗೋಣ ಎಂಬುದು ಅವಳ ಹಟ. ಅಪ್ಪ ಆ ಮಾತು ಬಂದಾಗಲೆಲ್ಲ ನನ್ನ ಕಡೆ ತಿರುಗಿ ಓದು ಓದು ಅನ್ನುತ್ತಿದ್ದ.

ಕಥೆ ಕೊನೆಗೆ ಬಂತು. ಸುರಂಗ ಕುಸಿದು ಭೀಮ್ಯಾ, ದುರುಗ್ಯಾ, ಕಾಕಾ ಮೂವರೂ ಒಳಗೆ ಸಿಕ್ಕರು, ನೀರು ಮೊಣಕಾಲಿಗೆ ಏರಿತು, ಕಾಕಾನ ದೀಪ ಆರುತ್ತ ಬಂತು. ಅಲ್ಲಿಂದ ಮುಂದೆ ಪುಸ್ತಕವೇ ಇಲ್ಲ. ಕೊನೆಯ ಹಾಳೆಗಳನ್ನು ವರಲಿ, ಅಂದರೆ ಗೆದ್ದಲು, ತಿಂದು, ರಟ್ಟಿನ ಒಳಗೆ ಮಣ್ಣಿನ ಗೆರೆ ಮಾತ್ರ ಉಳಿಸಿತ್ತು. ಈಚೆಗೆ ನನ್ನ ಮೊಮ್ಮಗಳು ಆ ಪುಸ್ತಕದ ಹೆಸರನ್ನು ಮೊಬೈಲಿನಲ್ಲಿ ಹೊಡೆದು, ಯಾರೋ ಪುಣ್ಯಾತ್ಮರು ಹಾಳೆ ಹಾಳೆ ಫೋಟೋ ತೆಗೆದು ಹಾಕಿದ್ದನ್ನು ಹುಡುಕಿಕೊಟ್ಟಳು. ಕನ್ನಡಕ ಏರಿಸಿ ಓದಿದೆ. ಎರಡೇ ಪುಟದಲ್ಲಿ ಹುಡುಗರು ಹೊರಗೆ ಬರುತ್ತಾರೆ. ಮಿಕ್ಕಿದ್ದೆಲ್ಲ ಪದಕ, ಭಾಷಣ, ಭೋಜನ, ಮುಂದಿನ ಪುಸ್ತಕದಲ್ಲಿ ಅವರು ಎಲ್ಲಿಗೆ ಹೋಗುತ್ತಾರೆ ಎಂಬ ಜಾಹೀರಾತು. ಕಾಕಾನ ಸುದ್ದಿಯೇ ಇಲ್ಲ. ಸತ್ತ ಎಂದೂ ಇಲ್ಲ, ಬದುಕಿದ ಎಂದೂ ಇಲ್ಲ. ಬರೆದವನು ಅವನನ್ನು ಒಳಗೇ ಮರೆತುಬಿಟ್ಟಿದ್ದ. ಅದನ್ನು ಓದಿ ನನಗೆ ಅರವತ್ತು ವರ್ಷದ ಮೇಲೆ ಸಿಟ್ಟು ಬಂತು.

ಆದರೆ ಆಗ ನನಗೆ ಇದೆಲ್ಲ ಏನು ಗೊತ್ತು. ಕಥೆ ಮುಗಿದಿಲ್ಲ, ಹಾಳೆ ಇಲ್ಲ ಎಂದರೆ ಅಪ್ಪ ಪುಸ್ತಕ ಮುಚ್ಚಿಸಿ ಮಗ್ಗುಲಾಗಿ ಮಲಗಿಬಿಡುತ್ತಾನೆ, ದಿನದಲ್ಲಿ ಒಂದು ತಾಸು ಅಪ್ಪ ನನ್ನವನಾಗಿದ್ದದ್ದು ಅಲ್ಲಿಗೆ ಮುಗಿಯುತ್ತದೆ ಎಂಬುದೊಂದೇ ಭಯ. ರಟ್ಟಿನ ಒಳಗೆ ನೇರಳೆ ಬಣ್ಣದ ಮಸುಕು ಮುದ್ರೆಯಿತ್ತು, ಅದರಲ್ಲಿ ಲಿಂಗಸೂಗೂರು ಎಂಬುದನ್ನು ಮಾತ್ರ ಓದಬಹುದಿತ್ತು.

‘ಮುಂದಿನದು ಇನ್ನೊಂದು ಪುಸ್ತಕದಾಗ ಐತಪ್ಪ. ಅದು ಲಿಂಗಸೂಗೂರಾಗ ಸಾಹೇಬರ ಬಂಗ್ಲೆದಾಗ ಐತಂತ ಬರದಾರ.’

‘ನೀರು ಎಲ್ಲಿತನ ಬಂದಿತ್ತು?’

‘ಮೊಣಕಾಲತನ.’

‘ಹಂಗಾರ ಇನ್ನ ವ್ಯಾಳ್ಯಾ ಐತಿ,’ ಎಂದ ಅಪ್ಪ, ಬಹಳ ಗಂಭೀರವಾಗಿ.

ಮರುದಿನ ಮೂರಾಗಿ ಬಹಳ ಹೊತ್ತಾದರೂ ಅಪ್ಪ ಬರಲಿಲ್ಲ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿ, ತಲೆ ಎತ್ತಿ ಹಲಗೆಯ ಕಡೆ ನೋಡಿದಳು.

‘ಸಾವಂತ್ರಿ, ಇವತ್ತು ಪಾತ್ರಿ ಸಪ್ಪಳ ಆತೇನು?’

ಆಗಿರಲಿಲ್ಲ. ಮದ್ದು ಹಾರಿಸುವ ಹೊತ್ತು ಮೀರಿ ಎಷ್ಟೋ ಆಗಿತ್ತು. ಅವ್ವ ತವೆಯ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು, ಬೇಯುವವರೆಗೆ ಕಾದಳು, ತೆಗೆದಿಟ್ಟಳು, ಆಮೇಲೆ ಕೈ ತೊಳೆದಳು. ಅಷ್ಟರಲ್ಲಿ ಹೊರಗೆ ಸೈಕಲ್ ನಿಂತಿತು. ಬಂದವನು ರಸೂಲಸಾಬ, ಗಣಿಯ ಬಾಯಿಯ ಬಳಿ ಬಿಲ್ಲೆಗಳ ಹಲಗೆ ಕಾಯುವವನು. ಒಳಗೆ ಇಳಿಯುವ ಪ್ರತಿಯೊಬ್ಬನ ಹೆಸರಿಗೂ ಹಲಗೆಯಲ್ಲಿ ಒಂದು ಮೊಳೆ, ಆ ಮೊಳೆಗೆ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಮೇಲೆ ಬಂದ ಕೂಡಲೇ ಮೊಳೆಗೆ ತೂಗಹಾಕಬೇಕು. ಮೊಳೆ ಖಾಲಿ ಇದ್ದರೆ ಆಸಾಮಿ ಇನ್ನೂ ಕೆಳಗಿದ್ದಾನೆ ಎಂದು ಅರ್ಥ, ಅವನು ಬರುವವರೆಗೆ ಮದ್ದು ಹಾರಿಸುವಂತಿಲ್ಲ. ತಲೆಯ ದೀಪಗಳನ್ನು ಒಬ್ಬನೇ ನಾಲ್ಕು ಜನರದು ಸೇರಿಸಿ ತಂದಿಡುವುದುಂಟು, ಹಾಗಾಗಿ ದೀಪದ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ. ನಂಬುವುದು ಮೊಳೆಯನ್ನು. ಬಿಲ್ಲೆ ತೂಗಹಾಕಲು ಮರೆಯುವುದು, ನಮ್ಮ ಓಣಿಯಲ್ಲಿ, ಲಗ್ನಕ್ಕೆ ಹೋಗಲು ಮದುಮಗನೇ ಮರೆತ ಹಾಗೆ, ಯಾರೂ ಕೇಳಿರದ ಸಂಗತಿ.

ರಸೂಲಸಾಬ ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂರಲೂ ಇಲ್ಲ.

‘ಹನುಮವ್ವ, ಯಂಕೋಬ ಮನಿಗೆ ಬಂದಾನೇನು?’

‘ಇಲ್ರೀ.’

ಅವನು ಟೋಪಿ ತೆಗೆದು ತಲೆ ಒರೆಸಿಕೊಂಡ. ‘ಅವನ ಮೊಳಿ ಖಾಲಿ ಐತಿ. ನಾಕು ಮಂದಿ ಹುಡುಕಾಕ ಇಳದಾರ. ಫಿಕರ್ ಮಾಡಬ್ಯಾಡ್ರಿ,’ ಎಂದ. ಹೇಳುವಾಗ ಅವನ ಕಣ್ಣು ನನ್ನ ಮೇಲಿತ್ತು, ಅವ್ವನ ಮೇಲಿರಲಿಲ್ಲ.

ಅವ್ವ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಣಿಯ ಗೇಟಿನ ಕಡೆ ನಡೆದಳು, ನಾನು ಹಿಂದೆ. ನಾವು ಓಣಿ ದಾಟುವಷ್ಟರಲ್ಲಿ ಒಂದೊಂದೇ ಮನೆಯ ಹೆಂಗಸು ಒಲೆಗೆ ನೀರು ಹೊಡೆದು ಹೊರಗೆ ಬಂದಳು. ಅದು ಅಲ್ಲಿಯ ರೀತಿ. ಒಬ್ಬನ ಸುದ್ದಿ ಗೊತ್ತಾಗುವವರೆಗೆ ಯಾರ ಒಲೆಯೂ ಉರಿಯಬಾರದು. ಯಾರೂ ಸಮಾಧಾನ ಹೇಳುವುದಿಲ್ಲ, ಜೊತೆಗೆ ಬಂದು ಕೂರುತ್ತಾರೆ ಅಷ್ಟೆ. ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಕೂತೆವು. ಎರಡನೇ ಪಾಳಿಯವರು ಇಳಿಯದೆ ಆಚೆ ಗುಂಪಾಗಿ ನಿಂತಿದ್ದರು. ಆಳುಗಳ ಕಬ್ಬಿಣದ ತೊಟ್ಟಿಲನ್ನು ಗಣಿಯೊಳಗೆ ಇಳಿಸುವ ದೊಡ್ಡ ಗಾಲಿ ಒಮ್ಮೆ ತಿರುಗಿತು, ನಿಂತಿತು. ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಕಾಕಾ. ಮೊಣಕಾಲು ನೀರು, ಆರುವ ದೀಪ. ನಿನ್ನೆ ನಾನೇ ಬಾಯಾರೆ ಓದಿದ್ದು.

ಆಗ, ಎಷ್ಟು ಹೊತ್ತಿನ ಮೇಲೋ, ನನಗೆ ಹೊಳೆಯಿತು. ಅಪ್ಪ ಲಿಂಗಸೂಗೂರಿಗೆ ಹೋಗಿರಬಹುದು. ನಾನು ಹೇಳಿದ ಪುಸ್ತಕ ಹುಡುಕಿಕೊಂಡು, ಪಾಳಿ ಮುಗಿದ ಕೂಡಲೇ ಆ ಕಡೆಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ, ಬಿಲ್ಲೆ ಜೇಬಿನಲ್ಲೇ ಇಟ್ಟುಕೊಂಡು. ಅಪ್ಪ ನನ್ನ ಸುಳ್ಳನ್ನು ನಂಬಿ ಹೋಗಿದ್ದರೆ ಬದುಕಿದ್ದಾನೆ. ಆ ಹನ್ನೆರಡು ವರ್ಷದ ಹುಡುಗಿ ತನ್ನ ಸುಳ್ಳನ್ನು ಹಿಡಿದುಕೊಂಡಷ್ಟು ಗಟ್ಟಿಯಾಗಿ ನಾನು ಆಮೇಲೆ ಯಾವ ದೇವರನ್ನೂ ಹಿಡಿದುಕೊಂಡಿಲ್ಲ. ಆದರೆ ಅದನ್ನು ಅವ್ವನಿಗೆ ಹೇಳಬೇಕಲ್ಲ. ಇಷ್ಟು ಜನರ ಮುಂದೆ, ನನ್ನ ಮಾತಿಗೆ ನಾಲ್ಕು ಜನ ಜೀವ ಕೈಯಲ್ಲಿ ಹಿಡಿದು ಕೆಳಗೆ ಇಳಿದಿದ್ದಾರೆ ಎಂದು. ಕೊನೆಗೆ ಹೇಳಿದೆ.

‘ಯವ್ವಾ, ಅಪ್ಪ ಲಿಂಗಸೂಗೂರಿಗೆ ಹೋಗಿರಬೇಕು. ಕಥಿ ಮುಂದಿಂದು ಅಲ್ಲಿ ಐತಂತ ನಾನ ಹೇಳಿದ್ದೆ. ಅಲ್ಲಿ ಏನೂ ಇಲ್ಲ. ಕಡೀ ಹಾಳಿ ವರಲಿ ತಿಂದಿತ್ತು. ನಾ ಸುಳ್ಳು ಹೇಳಿದೆ.’

ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವ್ವ ನನ್ನ ಎರಡೂ ಭುಜ ಹಿಡಿದು ಅಲುಗಿಸಿದಳು.

‘ಖರೇನ? ಖರೇನ ಸುಳ್ಳು ಹೇಳಿದೇನು?’

‘ಖರೇನ.’

‘ನಿಮ್ಮಪ್ಪ ನಂಬಿದ್ನಾ?’

‘ನಂಬಿದ.’

ಅವ್ವ ಅಲ್ಲೇ ನಿಂತು ಕೇಳುತ್ತಿದ್ದ ರಸೂಲಸಾಬನ ಕಡೆ ತಿರುಗಿದಳು. ಅವನು ಕೂಡಲೇ ಸೈಕಲ್ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದ. ತಿರುಗಿ ಬಂದು, ಯಂಕೋಬನಂಥವನೊಬ್ಬ ಲಿಂಗಸೂಗೂರಿನ ಬಸ್ಸು ಹತ್ತಿದ್ದನ್ನು ಚಹದ ಅಂಗಡಿಯವನು ಕಂಡಂತಿದೆ, ಆದರೆ ಗಣಿಯವರೆಲ್ಲ ಅದೇ ಖಾಕಿ ಹಾಕುತ್ತಾರೆ, ಖಾತ್ರಿ ಹೇಳಲಾರೆ ಅಂದ ಎಂದು ತಿಳಿಸಿದ. ಮೊಳೆ ಖಾಲಿ ಇರುವವರೆಗೆ ಹುಡುಕುವವರು ಮೇಲೆ ಬರುವಂತಿರಲಿಲ್ಲ. ಅವ್ವ ಎದ್ದು ಬಸ್‌ಸ್ಟ್ಯಾಂಡಿಗೆ ಹೊರಟಳು. ಎಲ್ಲ ಹೆಂಗಸರೂ ಎದ್ದರು, ರಸೂಲಸಾಬನೂ ಸೈಕಲ್ ತಳ್ಳುತ್ತ ಜೊತೆಗೆ ಬಂದ. ಸಂಜೆ ದೀಪ ಹಚ್ಚುವ ಹೊತ್ತು, ಒಂದು ಬಸ್ಸು ಬಂತು, ಅದು ಮುದಗಲ್ಲಿನದು. ಇನ್ನೊಂದು ಬಂತು, ಅದರಿಂದ ಸಂತೆಯ ಚೀಲಗಳು ಇಳಿದವು, ಮೇಕೆ ಹಿಡಿದ ಒಬ್ಬ ಇಳಿದ, ಅವನ ಹಿಂದೆ ಕಂಕುಳಲ್ಲಿ ಕೆಂಪು ರಟ್ಟಿನ ಪುಸ್ತಕ ಇರುಕಿಕೊಂಡು ನಮ್ಮಪ್ಪ ಇಳಿದ.

ಅವನಿಗೆ ಏನೂ ಗೊತ್ತಿಲ್ಲ. ಇಡೀ ಓಣಿ ತನ್ನ ಮುಂದೆ ನಿಂತಿದ್ದನ್ನು ನೋಡಿ, ‘ಯಾರಿಗೆ ಏನಾತು?’ ಎಂದು ಗಾಬರಿಯಿಂದ ಕೇಳಿದ. ಅವ್ವ ಹತ್ತಿರ ಹೋಗಿ, ಅವನ ಜೇಬಿಗೆ ಕೈ ಹಾಕಿ, ಬಿಲ್ಲೆಯನ್ನು ಹೊರಗೆ ತೆಗೆದಳು. ಅದನ್ನು ನೋಡಿದ ಮೇಲೆ ಅಪ್ಪನಿಗೆ ಎಲ್ಲ ತಿಳಿಯಿತು. ನಾಲ್ಕು ಜನ ಹುಡುಕಲು ಇಳಿದಿದ್ದಾರೆಂದು ರಸೂಲಸಾಬ ಹೇಳಿದ. ‘ನಾಕು ಮಂದಿ ನನ್ನ ಸಲುವಾಗಿ ಇಳದಾರೇನು,’ ಎಂದು ಅಪ್ಪ ಎರಡು ಮೂರು ಸಲ ಅಂದ. ರಸೂಲಸಾಬ ಬಿಲ್ಲೆ ಹಿಡಿದು ಸೈಕಲ್ ತುಳಿದ ರಭಸ ನನಗೆ ಈಗಲೂ ಕಾಣುತ್ತದೆ. ಹೆಂಗಸರು ಒಬ್ಬೊಬ್ಬರಾಗಿ ಬೈಯಲು ಶುರು ಮಾಡಿದರು, ನಗುತ್ತ, ಅಳುತ್ತ, ಯಂಕೋಬನಿಗೆ ಬಾಯಿಗೆ ಬಂದ ಹಾಗೆ. ಬೈಗುಳ ಕೇಳಿ ನನಗೆ ಅಷ್ಟು ಹಗುರಾದದ್ದು ಅದೊಂದೇ ಸಲ. ಅಪ್ಪನನ್ನು ಮೂರು ದಿನ ಕೆಲಸದಿಂದ ಹೊರಗಿಟ್ಟರು. ಅದು ನ್ಯಾಯವೇ, ಅವನೂ ಹಾಗೇ ಅಂದ. ಹುಡುಕಲು ಇಳಿದಿದ್ದ ನಾಲ್ವರ ಮನೆಗೂ ಹೋಗಿ ಕೈಮುಗಿದು ಬಂದ.

ಆದರೆ ಅದು ಮರುದಿನದ ಮಾತು. ಆ ಸಂಜೆ ಮನೆಗೆ ಬಂದು, ಓಣಿಯ ಒಲೆಗಳೆಲ್ಲ ಮತ್ತೆ ಹೊತ್ತಿಕೊಂಡು, ಅಪ್ಪ ತಾಟಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ರೊಟ್ಟಿ ಇನ್ನೂ ಮುಟ್ಟಿರಲಿಲ್ಲ. ಪುಸ್ತಕ ಪಕ್ಕದಲ್ಲಿ ಬಿದ್ದಿತ್ತು. ಹಳೆಯ ಬಂಗ್ಲೆಯ ಕಾವಲುಗಾರ ಟ್ರಂಕು ತೆಗೆದು ಕೆಂಪು ರಟ್ಟಿನದು ಇದೊಂದೇ ಎಂದು ಕೊಟ್ಟನಂತೆ. ನಾನು ಮೆಲ್ಲಗೆ ತೆರೆದು ನೋಡಿದೆ. ಕುದುರೆಗಳ ರೋಗಕ್ಕೆ ಔಷಧಿಯ ಪುಸ್ತಕ. ಮೊದಲ ಹಾಳೆಯಲ್ಲೇ ಕುದುರೆಯ ಚಿತ್ರ, ಮೈತುಂಬ ಅಂಕಿಗಳು. ಅಪ್ಪನಿಗೆ ನಿಜ ಹೇಳಬೇಕು ಎಂದು ಬಾಯಿ ತೆರೆದೆ.

‘ಸಾವಂತ್ರಿ,’ ಎಂದಳು ಅವ್ವ ಒಲೆಯ ಮುಂದಿನಿಂದ. ‘ಪುಸ್ತಕ ತಗಿ. ಓದು.’

ನಾನು ಅವಳ ಕಡೆ ನೋಡಿದೆ. ಅವಳಿಗೆ ಗೊತ್ತು, ಅದರಲ್ಲಿ ಏನೂ ಇಲ್ಲ ಎಂದು ಬೇವಿನ ಮರದ ಕೆಳಗೆ ನಾನೇ ಹೇಳಿದ್ದೇನೆ. ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅವ್ವ ನನ್ನ ಕಡೆ ತಿರುಗಲಿಲ್ಲ, ಹಿಟ್ಟು ನಾದುತ್ತಿದ್ದಳು. ಓದತೊಡಗಿದೆ.

‘ಇದ್ಯಾಕ ಕುದುರಿ ಚಿತ್ರ ಐತಿ?’ ಎಂದ ಅಪ್ಪ, ಇಣುಕಿ ನೋಡಿ.

‘ಹುಡುಕೋ ಮಂದಿ ಕುದುರಿ ಮ್ಯಾಲ ಬಂದ್ರಪ್ಪ.’

‘ಬರಬೇಕು,’ ಎಂದ. ‘ನೀರು?’

‘ಪಂಪು ಹಚ್ಚಿದ್ರು.’

ಅಪ್ಪ ಮೊದಲ ತುತ್ತು ಮುರಿದ. ನಾನು ಕಲ್ಲು ಸರಿಸಿದೆ, ಹಗ್ಗ ಇಳಿಬಿಟ್ಟೆ, ದುರುಗ್ಯಾನನ್ನು ಮೇಲೆ ತಂದೆ, ಭೀಮ್ಯಾನನ್ನು ತಂದೆ. ಅಷ್ಟರಲ್ಲಿ ಹಲಗೆಯ ಮೇಲಿನ ಪಾತ್ರೆಗಳು ಗಲಗಲ ಅಂದವು. ಹುಡುಕಲು ಹೋದವರು ಮೇಲೆ ಬಂದಿದ್ದರು, ತಡವಾದ ಮದ್ದು ಹಾರುತ್ತಿತ್ತು. ನಾನು ನಿಲ್ಲಿಸಿದೆ. ಅಪ್ಪ ಬೆರಳು ಮಡಚುತ್ತ ಎಣಿಸಿದ. ಆ ದಿನ ಅವ್ವನೂ ಎಣಿಸಿದಳು, ಹಿಟ್ಟು ಹತ್ತಿದ ಬೆರಳುಗಳು ಒಂದೊಂದೇ ಮಡಚಿದ್ದನ್ನು ನಾನು ಕಂಡೆ. ಸದ್ದು ನಿಂತಿತು. ಅಪ್ಪ, ಎಲ್ಲಾ ಹಾರಿದವು ಎಂದು ತಲೆಯಾಡಿಸಿದ.

ಉಳಿದವನು ಕಾಕಾ. ನಿಜ ಹೇಳುತ್ತೇನೆ, ಅವನನ್ನು ಸಾಯಿಸಬೇಕೆಂದು ನಾನು ಹಿಂದಿನ ದಿನವೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಮುದುಕ ತಾನು ಸತ್ತು ಹುಡುಗರನ್ನು ಉಳಿಸಿದರೆ ಕಥೆಗೆ ಒಂದು ತೂಕ ಬರುತ್ತದೆ ಎಂದು ಹನ್ನೆರಡು ವರ್ಷಕ್ಕೇ ನನಗೆ ಅನ್ನಿಸಿತ್ತು. ಕುದುರೆಯ ಹಾಳೆಯನ್ನು ತಿರುವಿ, ದನಿ ಸಣ್ಣದು ಮಾಡಿ, ‘ಆಮ್ಯಾಲ ಕಾಕಾ...’ ಎಂದು ನಿಂತೆ.

ಇಷ್ಟು ದಿನ ಒಂದು ಸಾಲಿಗೂ ಕಿವಿಗೊಡದ ಅವ್ವ ಕೈಯಲ್ಲಿನ ರೊಟ್ಟಿಯನ್ನು ಪರಾತದಲ್ಲಿ ಇಟ್ಟು, ಪೂರ್ತಿ ನನ್ನ ಕಡೆ ತಿರುಗಿದಳು.

‘ಅವನೂ ಬಂದ ಅಂತ ಓದು,’ ಎಂದಳು.

ಹಾಗೆಯೇ ಓದಿದೆ.